ಎರಡನೇ ಬಾಣಂತನಕ್ಕೆ ದೊಡ್ಡ ಮಗುನ ಬಿಟ್ಟು ಹೋಗ್ಬೇಡಿ, ಹೋಗ್ಲೇಬೇಕಾದ್ರೂ ಹೇಳದೆ ಹೋಗ್ಬೇಡಿ

ಎರಡೂವರೆ ವರ್ಷದ ಮಗಳನ್ನ ಮೂರು ತಿಂಗಳು ಶಿವಮೊಗ್ಗದಲ್ಲೇ ಅತ್ತೆ ಹತ್ರ ಬಿಟ್ಟು, ನೀವೊಬ್ರೇ ಸಾಗರಕ್ಕೆ ತವರಿಗೆ ಹೋಗಿ ಬಾಣಂತನ ಮುಗಿಸ್ಕೊಂಡು ಬಂದ್ರೆ ಅವಳಿಗೆ ಪಾಪು ಮೇಲೆ ಹೊಟ್ಟೆಕಿಚ್ಚು ಬರೋದು ತಪ್ಪುತ್ತಾ ಅಂತ ಕೇಳಿದೀರ. ಇಲ್ಲ, ತಪ್ಪೋದಿಲ್ಲ. ನಾನು ಮಾಡಿದ್ದೂ ಇದನ್ನೇ, ಅದಕ್ಕೇ ಒಲೆ ಮೇಲಿಟ್ಟಿದ್ದ ಕೆಲಸ ಬಿಟ್ಟು ಟೈಪ್ ಮಾಡ್ತಾ ಕೂತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತೀರ್ಥಹಳ್ಳಿ ಹತ್ರ ಅಡಿಕೆ ತೋಟದ ಮನೆ. ನನ್ನ ತವರು ಹೊಸನಗರ ತಾಲ್ಲೂಕು, ನಗರ ಅನ್ನೋ ಊರು ದಾಟಿ ಹುಲಿಕಲ್ ಘಾಟಿ ಕಡೆ. 2019ರಲ್ಲಿ ಎರಡನೇದು, ಆಗಸ್ಟಿಗೆ ಡೇಟ್ ಕೊಟ್ಟಿದ್ರು, ದೊಡ್ಡವನಿಗೆ ಆಗಿನ್ನೂ ಮೂರು ತುಂಬಿರ್ಲಿಲ್ಲ. ಅಮ್ಮನಿಗೆ ಮಂಡಿ ನೋವು, ಬಾಣಂತಿ ಜೊತೆ ಇನ್ನೊಂದು ಚಿಕ್ಕ ಹುಡುಗನ್ನೂ ಸುಧಾರಿಸೋಕೆ ಆಗಲ್ಲ, ನಮ್ಮನೆಯವರು ಬರೋಣ ಅಂದ್ರೆ ತೋಟಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸೋದು ಬಾಕಿ, ಬಿಟ್ರೆ ಕೊಳೆರೋಗ ಬಂದು ಇದ್ದಬದ್ದ ಅಡಿಕೆ ಎಲ್ಲ ಉದುರುತ್ತೆ. ಹಾಗಾಗಿ ಅವನು ಅತ್ತೆ ಹತ್ರ ಇರ್ಲಿ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ವಿ. ಅತ್ತೆ ಅವನನ್ನ ಹುಟ್ಟಿದಾಗಿಂದ ಎತ್ತಾಡ್ಸಿದವ್ರು, ಅವರ ಕೈಯಲ್ಲೇ ಊಟ, ಅವರ ಜೊತೆನೇ ಕೊಟ್ಟಿಗೆಗೆ ಹೋಗೋದು, ಅದರಲ್ಲಿ ನನಗೆ ಒಂಚೂರೂ ಅನುಮಾನ ಇರ್ಲಿಲ್ಲ, ಇವತ್ತಿಗೂ ಅವರ ಮೇಲೆ ದೂರಿಲ್ಲ.

ತಪ್ಪಾಗಿದ್ದು ಹೊರಡೋ ದಿನ. ಮಲಗಿದ್ದಾಗಲೇ ಹೊರಟುಬಿಡು, ನೋಡಿದ್ರೆ ಅತ್ತು ರಂಪ ಮಾಡ್ತಾನೆ ಅಂತ ಎಲ್ಲರೂ ಅಂದ್ರು, ನನಗೂ ಅವನು ಅಳೋದನ್ನ ನೋಡೋಕೆ ಧೈರ್ಯ ಇರ್ಲಿಲ್ಲ. ಬೆಳಗಾಗೋಕೆ ಮುಂಚೆ, ಅವನ ಕೈ ನನ್ನ ಸೆರಗಿನ ಮೇಲಿತ್ತು, ಅದನ್ನ ನಿಧಾನಕ್ಕೆ ಬಿಡಿಸಿ ಅಲ್ಲಿಗೊಂದು ದಿಂಬು ಒತ್ತಿಟ್ಟು ಜೀಪ್ ಹತ್ತಿದೆ. ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮಗೂ ಎಲ್ಲರೂ ಇದೇ ಉಪಾಯ ಹೇಳ್ಕೊಡ್ತಾರೆ. ಎದ್ದಾಗ ಅವನ ಪಾಲಿಗೆ ಅಮ್ಮ ಊರಿಗೆ ಹೋಗಿರ್ಲಿಲ್ಲ, ಅಮ್ಮ ಇಲ್ಲವಾಗಿದ್ಲು. ಊರಿಗೆ ಹೋಗೋದು ಬೇರೆ, ಚೀಲ ತುಂಬೋದು, ಚಪ್ಪಲಿ ಹಾಕ್ಕೊಳ್ಳೋದು, ಬಾಗಿಲಲ್ಲಿ ಟಾಟಾ ಮಾಡೋದು ಅವನು ನೋಡಿರ್ತಾನೆ. ಇದು ನಿದ್ದೆ ಮಾಡಿ ಏಳೋದ್ರೊಳಗೆ ಪಕ್ಕದಲ್ಲಿದ್ದವಳು ಮಾಯ. ಬಚ್ಚಲಲ್ಲಿ, ಕೊಟ್ಟಿಗೆಯಲ್ಲಿ, ಉಪ್ಪರಿಗೆ ಮೇಲೆ, ಕೊನೆಗೆ ಅಕ್ಕಿ ಡಬ್ಬದ ಹಿಂದೆ ಎಲ್ಲಾ ಹುಡುಕಿದ್ನಂತೆ, ಆಮೇಲೆ ಅಳಲೂ ಇಲ್ವಂತೆ. ನೋಡು ಎಷ್ಟು ಜಾಣ, ಅಳ್ಳೇ ಇಲ್ಲ ಅಂತ ಫೋನಲ್ಲಿ ಹೇಳಿದ್ರು, ನಾನೂ ನಿರಾಳ ಆದೆ. ಅಲ್ಲೇ ನನಗೆ ಅರ್ಥ ಆಗ್ಬೇಕಿತ್ತು. ನಮ್ಮ ಮುಂದೆ ಅತ್ತರೆ ಎತ್ಕೊಂಡು ಸಮಾಧಾನ ಮಾಡಬಹುದು, ಅಳು ಅಲ್ಲಿಗೆ ಮುಗಿಯುತ್ತೆ, ಆದ್ರೆ ನಿದ್ದೆ ಮಾಡಿದ್ರೆ ಅಮ್ಮ ಹೋಗ್ತಾಳೆ ಅನ್ನೋದು ತಲೆಯಲ್ಲಿ ಕೂತ್ಬಿಟ್ರೆ ಅದನ್ನ ತೆಗೆಯೋಕೆ ವರ್ಷ ಬೇಕು.

ಸಾಲದು ಅಂತ, ಅಮ್ಮ ಎಲ್ಲಿ ಅಂತ ಕೇಳಿದಾಗೆಲ್ಲ ‘ಪೇಟೆಗೆ ಹೋಗಿದಾಳೆ, ಪಾಪು ತರೋಕೆ’ ಅಂತ ಹೇಳ್ತಿದ್ರು. ಅವನು ಅದನ್ನ ಹಾಗೇ ನಂಬಿದ.

ಆ ವರ್ಷದ ಆಗಸ್ಟ್ ಮಳೆ ನಮ್ಮ ಕಡೆಯವರಿಗೆ ಮರೆಯೋ ಹಾಗಿಲ್ಲ. ತುಂಗೆ ತುಂಬಿ ಹರೀತಿತ್ತು, ಅಲ್ಲಲ್ಲಿ ಧರೆ ಕುಸಿದು ರಸ್ತೆ ಬಂದ್, ಕರೆಂಟ್ ಇಲ್ಲ, ನಮ್ಮ ತವರಲ್ಲಿ ಗುಡ್ಡ ಹತ್ತಿದ್ರೆ ಮಾತ್ರ ನೆಟ್ವರ್ಕ್, ಬಾಣಂತಿ ಗುಡ್ಡ ಹತ್ತೋದು ಎಲ್ಲಿಂದ ಬಂತು. ಹೆರಿಗೆ ಆದ್ಮೇಲೆ ಒಂದು ವೀಡಿಯೋ ಕಾಲ್ ಕೂಡ ಆಗ್ಲಿಲ್ಲ. ಪುರುಡು ಕಳೆದು ನಾಮಕರಣದ ದಿನ ಅವನನ್ನ ಕರ್ಕೊಂಡು ಬಂದ್ರು. ನಾನು ಕೈ ಚಾಚಿದ್ರೆ ಅಜ್ಜಿ ಸೀರೆ ಹಿಂದೆ ನಿಂತ, ಬರ್ಲಿಲ್ಲ. ಸುಮಾರು ಹೊತ್ತಾದ್ಮೇಲೆ ತಾನೇ ತೊಟ್ಟಿಲ ಹತ್ರ ಬಂದ. ಪಾಪು ತಲೆಗೆ ಇವನದೇ ಹಳೇ ಉಣ್ಣೆ ಟೋಪಿ ಹಾಕಿದ್ವಿ. ಅದನ್ನ ಮೆತ್ತಗೆ ಎಳೆದು ತೆಗೆದು ತನ್ನ ತಲೆಗೆ ಹಾಕ್ಕೊಂಡ, ಕಿವಿವರೆಗೂ ಬರ್ಲಿಲ್ಲ ಅದು, ಎರಡೂ ಕೈಯಲ್ಲಿ ಹಿಡ್ಕೊಂಡು ಕೆಳಗೆ ಎಳೀತಾ ನನ್ನನ್ನೇ ನೋಡ್ದ. ಅಲ್ಲಿದ್ದ ನೆಂಟರು ‘ಅಯ್ಯೋ ಈಗ್ಲೇ ಹೊಟ್ಟೆಕಿಚ್ಚು ನೋಡು’ ಅಂತ ನಕ್ಕರು. ಪಾಪುನ ಅವನು ಮುಟ್ಟಿಯೂ ಇರ್ಲಿಲ್ಲ ಕಣ್ರೀ, ಚಿವುಟಿಲ್ಲ, ಹೊಡೆದಿಲ್ಲ, ಆಮೇಲೂ ಯಾವತ್ತೂ ಅವಳಿಗೆ ಏನೂ ಮಾಡಿಲ್ಲ. ಅವನ ಜಗಳ ಪಾಪು ಜೊತೆ ಅಲ್ಲ, ನನ್ನ ಜೊತೆ. ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿ ಹೊಟ್ಟೆಕಿಚ್ಚು ತಡೆಯೋದು ಹೇಗೆ ಅಂತ ಇರೋದನ್ನ ನಾನು ಒಪ್ಪಲ್ಲ. ಆ ಮಗು ಹುಡುಕೋದು ಅಮ್ಮನ್ನ, ಪಾಪು ಅದಕ್ಕೆ ಮಧ್ಯದಲ್ಲಿ ಸಿಕ್ಕಿದ್ದು ಅಷ್ಟೇ.

ಮನೆಗೆ ವಾಪಸ್ ಬಂದ್ಮೇಲೆ ಶುರುವಾಯ್ತು. ಮಧ್ಯಾಹ್ನ ಮಲಗ್ತಾನೇ ಇರ್ಲಿಲ್ಲ, ಕಣ್ಣು ಎಳೀತಿದ್ರೂ ಬಿಡಿಸಿ ಬಿಡಿಸಿ ನೋಡೋನು. ರಾತ್ರಿ ನನ್ನ ಕರಿಮಣಿ ಮುಷ್ಟಿಯಲ್ಲಿ ಹಿಡ್ಕೊಂಡೇ ನಿದ್ದೆ, ನಾನು ಮಗ್ಗುಲಾದ್ರೆ ಎಚ್ಚರ. ನಿಂತುಹೋಗಿದ್ದ ಉಚ್ಚೆ ಮತ್ತೆ ಹಾಸಿಗೆಯಲ್ಲಿ, ಸರಿಯಾಗಿ ಮಾತಾಡ್ತಿದ್ದ ಹುಡುಗ ತೊದಲೋಕೆ ಶುರು ಮಾಡ್ದ. ದಿನಾ ಒಂದೇ ಮಾತು, ‘ಪಾಪುನ ಪೇಟೆಗೆ ವಾಪಸ್ ಕೊಟ್ಟು ಬಾ’. ಬೈದೂ ನೋಡಿದ್ವಿ, ಅದರಿಂದ ಹೆಚ್ಚಾಯ್ತೇ ಹೊರತು ಕಮ್ಮಿ ಆಗ್ಲಿಲ್ಲ. ಡಾಕ್ಟ್ರು ಹೇಳಿದ್ದು, ತಮ್ಮ ತಂಗಿ ಹುಟ್ಟಿದಾಗ ಮಕ್ಕಳು ಹೀಗೆ ಒಂದು ಹೆಜ್ಜೆ ಹಿಂದೆ ಹೋಗೋದು ಮಾಮೂಲಿ, ಬೈಯದೆ ಬಟ್ಟೆ ಬದಲಾಯಿಸಿ ಅಂತ. ಉಚ್ಚೆ ಮಾಡುವಾಗ ಉರಿ ಅಂದ್ರೆ, ಜ್ವರ ಬಂದ್ರೆ, ವಿಪರೀತ ಬಾಯಾರಿಕೆ ಇದ್ರೆ ಮಾತ್ರ ಮನಸ್ಸಿಗೆ ಬೇಜಾರಾಗಿ ಹೀಗೆ ಅಂತ ಸುಮ್ಮನಿರಬೇಡಿ, ತೋರಿಸಿ.

ಸರಿ ಹೋಗಿದ್ದು ಒಂದೇ ಒಂದು ಅಭ್ಯಾಸದಿಂದ. ಎಲ್ಲಿಗೆ ಹೋದ್ರೂ ಅವನಿಗೆ ಹೇಳಿ ಹೋಗೋದು. ‘ಕೊಟ್ಟಿಗೆಗೆ ಹೋಗ್ತೀನಿ, ಹಾಲು ಕರೆದು ಬರ್ತೀನಿ’, ‘ಸ್ನಾನಕ್ಕೆ ಹೋಗ್ತೀನಿ’, ಪ್ರತಿ ಸಲ, ಅಳ್ತಿದ್ರೂ ಹೇಳಿಯೇ, ಹೇಳಿದ ಹಾಗೇ ವಾಪಸ್ ಬಂದು ‘ಬಂದೆ ನೋಡು’ ಅನ್ನೋದು. ಮೊದಮೊದಲು ಅಳು ಜಾಸ್ತಿನೇ ಆಯ್ತು, ಹೆದರಬೇಡಿ. ಮುಂದಿನ ಮಳೆಗಾಲದ ಹೊತ್ತಿಗೆ ಕರಿಮಣಿ ಬಿಟ್ಟು ಮಲಗೋಕೆ ಶುರು ಮಾಡ್ದ.

ಈಗ ನಿಮ್ಮ ವಿಷಯ. ಬಾಣಂತನ ತವರಲ್ಲೇ ಆಗ್ಬೇಕು ಅಂತ ಯಾಕೆ ಹಿಡ್ಕೊಂಡಿದೀರ? ಎರಡನೇದನ್ನ ಗಂಡನ ಮನೆಯಲ್ಲೇ ಮಾಡೋರು ಬೇಕಾದಷ್ಟು ಜನ ಇದಾರೆ. ನಿಮ್ಮ ಅಮ್ಮನನ್ನೇ ಶಿವಮೊಗ್ಗಕ್ಕೆ ಕರೆಸ್ಕೊಳ್ಳಿ. ಅವರಿಗೆ ಆಗಲ್ಲ ಅಂದ್ರೆ ಮಗಳನ್ನೂ ಸಾಗರಕ್ಕೆ ಕರ್ಕೊಂಡು ಹೋಗಿ, ಮನೆ ಗಲಾಟೆ ಆದ್ರೆ ಆಗ್ಲಿ, ಬಾಣಂತಿಗೆ ಎಣ್ಣೆ ನೀರು, ಕಷಾಯ, ಲೇಹ್ಯ ಒಂದು ಹೊತ್ತು ತಡ ಆದ್ರೆ ಏನೂ ಆಗಲ್ಲ. ಎರಡೂವರೆ ವರ್ಷದವಳಿಗೆ ಮೂರು ತಿಂಗಳು ಅಂದ್ರೆ ಲೆಕ್ಕ ಸಿಗಲ್ಲ, ನಾಳೆ ಅಂದ್ರೇನು ಅಂತಾನೇ ಆ ವಯಸ್ಸಿಗೆ ಸರಿಯಾಗಿ ಗೊತ್ತಿರಲ್ಲ. ಆಸ್ಪತ್ರೆಯಲ್ಲಿ ಇರೋ ದಿನಗಳಿಗೆ ಮಾತ್ರ ಬಿಟ್ಟಿರ್ಲೇಬೇಕಾಗುತ್ತೆ, ಅದಕ್ಕೆ ಈಗಿಂದ್ಲೇ ಹೇಳ್ತಾ ಬನ್ನಿ, ಅಮ್ಮ ಆಸ್ಪತ್ರೆಯಲ್ಲಿ ಮಲಗ್ತಾಳೆ, ನೀನು ಅಜ್ಜಿ ಜೊತೆ ಮಲಗ್ತೀಯ, ಅಪ್ಪ ಕರ್ಕೊಂಡು ಬಂದು ತೋರಿಸ್ತಾರೆ ಅಂತ. ಚೀಲ ತುಂಬುವಾಗ ಅವಳ ಕೈಯಲ್ಲೇ ನಿಮ್ಮ ಬಟ್ಟೆ ಇಡಿಸಿ. ರಾತ್ರಿ ನೋವು ಬಂದು ಹೊರಡ್ಬೇಕಾದ್ರೆ ಎಬ್ಬಿಸಿ ಹೇಳಿ ಹೋಗಿ. ಹೌದು, ಎಬ್ಬಿಸಿ.

ಎಳೇ ಪಾಪು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತೆ, ಅಂದ್ರೆ ನಿಮ್ಮ ತೊಡೆ ಯಾವಾಗ್ಲೂ ಭರ್ತಿ, ದೊಡ್ಡವಳ ಕಣ್ಣಿಗೆ ಬೀಳೋದು ಅದೇ. ಗೋಡೆಗೆ ಒರಗದೆ ಅವಳನ್ನ ಬೆನ್ನಿಗೆ ಒರಗಿಸ್ಕೊಂಡು ಕೂತ್ಕೊಳ್ಳಿ, ಒಂದು ಬಟ್ಟಲು ಅವಲಕ್ಕಿ ಕೊಡಿ. ತಾನೂ ಹಾಲು ಕುಡೀತೀನಿ ಅಂದ್ರೆ ಛೀ ಅನ್ನಬೇಡಿ, ಬಾಯಿ ಹಾಕಿ ನೋಡಿ ಬಿಡ್ತಾರೆ ಹೆಚ್ಚಿನವರು. ಸಿಸೇರಿಯನ್ ಆದ್ರೆ ಸುಮಾರು ಆರು ವಾರ ಅವಳನ್ನ ಎತ್ತೋಕೆ ಆಗಲ್ಲ, ಆಗ ನೀವು ಕೂತಿರಿ, ಅವಳೇ ಪಕ್ಕಕ್ಕೆ ಹತ್ತಿ ಬರ್ಲಿ. ಅಜ್ಜಿ ಪಾಪುಗೆ ಎಣ್ಣೆ ಹಚ್ಚಿ ಸ್ನಾನ ಮಾಡ್ಸೋ ಹೊತ್ತು ಪೂರ್ತಿ ದೊಡ್ಡವಳದ್ದು, ಫೋನ್ ಬೇಡ, ಜಗಲಿ ಮೇಲೆ ಸುಮ್ನೆ ಕೂತ್ರೂ ಸಾಕು.

ಅವಳನ್ನ ಒಳ್ಳೇ ಅಕ್ಕ ಮಾಡ್ಬೇಕು ಅಂತಾನೂ ಬರೆದಿದೀರ. ಬೇಡ. ಎರಡೂವರೆ ವರ್ಷಕ್ಕೆ ಅವಳಿನ್ನೂ ಪಾಪುನೇ, ನೀನು ದೊಡ್ಡವಳು ಅಂತ ಹೇಳಿ ಹೇಳಿ ಇರೋದನ್ನೂ ಕಿತ್ಕೊಬೇಡಿ. ಇನ್ನು ನೋಡೋಕೆ ಬಂದವರು ‘ನಿನ್ನ ಸೀಟ್ ಹೋಯ್ತಲ್ಲೇ, ಇನ್ನು ನಿನ್ನ ಯಾರು ಮುದ್ದು ಮಾಡ್ತಾರೆ, ಪಾಪುನ ನಾವು ತಗೊಂಡು ಹೋಗ್ತೀವಿ’ ಅಂತ ತಮಾಷೆ ಮಾಡ್ತಾರಲ್ಲ, ಯಾರೇ ಆಗ್ಲಿ, ಎಷ್ಟೇ ಹಿರಿಯರಾಗ್ಲಿ, ಮುಖಕ್ಕೇ ಬೇಡ ಅಂತ ಹೇಳಿ, ಬೇಜಾರಾದ್ರೆ ಆಗ್ಲಿ. ಅವರು ಕಾಫಿ ಕುಡಿದು ಹೋಗ್ತಾರೆ, ಆ ಮಾತು ಮನೆಯಲ್ಲೇ ಉಳಿಯುತ್ತೆ.

ನಿಮ್ಮನೆಯವರು ರೈಲ್ವೆಯಲ್ಲಿದಾರೆ ಅಂದಿದೀರ. ಕೇಂದ್ರ ಸರ್ಕಾರಿ ನೌಕರರಿಗೆ ಎರಡನೇ ಮಗುವಿಗೂ 15 ದಿನ ಪಿತೃತ್ವ ರಜೆ ಇದೆ, ಹೆರಿಗೆಯಾಗಿ ಆರು ತಿಂಗಳೊಳಗೆ ತಗೋಬಹುದು. ಅದನ್ನ ಆಸ್ಪತ್ರೆಯಲ್ಲಿ ಖರ್ಚು ಮಾಡಿಸ್ಬೇಡಿ, ಅಲ್ಲಿ ಹೆಂಗಸರು ಇರ್ತಾರೆ. ನೀವು ಪಾಪು ಜೊತೆ ಮನೆಗೆ ಬಂದ ದಿನದಿಂದ ಹಾಕಿಸಿ, ಅವರು ಪಾಪುನ ಹಿಡ್ಕೊಳ್ಲಿ, ನೀವು ಮಗಳನ್ನ ಹಿಡ್ಕೊಳ್ಳಿ. ಮೇ ಕೊನೆಗೆ ಡೇಟ್ ಅಂದ್ರೆ ಜೂನಲ್ಲೇ ಅವಳನ್ನ ಪ್ಲೇ ಸ್ಕೂಲಿಗೆ ಹಾಕೋಣ ಅಂತ ಯಾರಾದ್ರೂ ಅಂದೇ ಅಂತಾರೆ, ಒಪ್ಪಬೇಡಿ. ಅಂಗನವಾಡಿಗೂ ಮೂರು ತುಂಬಿದ್ಮೇಲೇ ಶಾಲೆಪೂರ್ವ ಶಿಕ್ಷಣ ಇರೋದು, ದಸರಾ ಕಳೀಲಿ, ಆಮೇಲೆ ನೋಡಿದ್ರಾಯ್ತು.