ಕೆನಡಾದಲ್ಲಿ ಎರಡು ವರ್ಷದ ವರ್ಕ್ ಪರ್ಮಿಟ್: ಬ್ಯಾಂಕ್ ಖಾತೆ ಸಿಗುತ್ತೆ, ಕ್ರೆಡಿಟ್ ಕಾರ್ಡ್ ಸಿಗುತ್ತಾ?

ಪ್ರಶ್ನೆ: ಎರಡು ವರ್ಷದ ವರ್ಕ್ ಪರ್ಮಿಟ್ ಮೇಲೆ ಒಂಟಾರಿಯೊದ ರೆಸ್ಟೋರೆಂಟ್ ಒಂದಕ್ಕೆ ಅಡುಗೆ ಕೆಲಸಕ್ಕೆ ಬಂದಿದ್ದೇನೆ. ಖಾತೆ ತೆರೆಯಲು ಹೋದರೆ ಬ್ಯಾಂಕಿನವರು 'ನೀವು ಟೆಂಪರರಿ, ಮೊದಲು ಸಂಬಳದ ಸ್ಲಿಪ್ ತನ್ನಿ' ಅಂದರು. ಖಾತೆ ಇಲ್ಲದೆ ಸಂಬಳ ಹಾಕುವುದು ಹೇಗೆ ಅಂತ ಮಾಲೀಕರ ಪ್ರಶ್ನೆ. ಸದ್ಯಕ್ಕೆ ತಮ್ಮ ಪರಿಚಯದವರ ಖಾತೆಗೆ ಹಾಕಿಸುತ್ತಾರಂತೆ. ಇನ್ನೊಂದು ಬ್ಯಾಂಕಿನಲ್ಲಿ ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕಾರವಾಯಿತು. ಊರಲ್ಲಿ ನನ್ನ ಸಿಬಿಲ್ ಸ್ಕೋರ್ ಚೆನ್ನಾಗಿದೆ. ಏನು ಮಾಡಲಿ?

ಉತ್ತರ: ಖಾತೆ ಮತ್ತು ಕಾರ್ಡ್ ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಖಾತೆ ನಿಮ್ಮ ಹಕ್ಕು. ಕಾರ್ಡ್ ಬ್ಯಾಂಕಿನ ಮರ್ಜಿ.

ಮೊದಲು ಖಾತೆ. ಕೆನಡಾದ ಕಾನೂನಿನ ಪ್ರಕಾರ, ಸರಿಯಾದ ಗುರುತಿನ ದಾಖಲೆ ಇರುವ ಯಾರಿಗಾದರೂ ಬ್ಯಾಂಕ್ ಖಾತೆ ತೆರೆದುಕೊಡಬೇಕು. ಕೆಲಸ ಇಲ್ಲ ಅಂತಲೋ, ಇಡೋಕೆ ಕೈಯಲ್ಲಿ ದುಡ್ಡಿಲ್ಲ ಅಂತಲೋ ವಾಪಸ್ ಕಳಿಸುವಂತಿಲ್ಲ. ಹಾಗಿದ್ದ ಮೇಲೆ ಸಂಬಳದ ಸ್ಲಿಪ್ಪಿನ ಮಾತೆಲ್ಲಿಂದ ಬಂತು? ದಾಖಲೆ ಸುಳ್ಳು, ಮೋಸಕ್ಕೆ ಬಳಸುತ್ತಾರೆ ಎಂಬ ಅನುಮಾನ, ಸಿಬ್ಬಂದಿಗೆ ಬೆದರಿಕೆ, ಇಂಥ ಕಾರಣ ಇದ್ದರೆ ಮಾತ್ರ ನಿರಾಕರಿಸಬಹುದು. ನಿರಾಕರಿಸಿದರೆ ಅದನ್ನು ಬರವಣಿಗೆಯಲ್ಲಿ ಕೊಡಬೇಕು. ಬ್ಯಾಂಕ್ ಗ್ರಾಹಕರ ಹಿತ ನೋಡುವ ಸರ್ಕಾರಿ ಸಂಸ್ಥೆಯಾದ ಫೈನಾನ್ಶಿಯಲ್ ಕನ್ಸ್ಯೂಮರ್ ಏಜೆನ್ಸಿ ಆಫ್ ಕೆನಡಾಗೆ ದೂರು ಕೊಡುವುದು ಹೇಗೆ ಅಂತಲೂ ತಿಳಿಸಬೇಕು. ಕೌಂಟರಿನಲ್ಲಿ 'ಆಗಲ್ಲ' ಅಂದಾಗ ಜಗಳ ಆಡಬೇಡಿ. 'ಬರೆದುಕೊಡಿ' ಅಂತ ಮೆಲ್ಲಗೆ ಕೇಳಿ. ಬಹಳ ಸಲ ಅಷ್ಟಕ್ಕೇ ಒಳಗಿನಿಂದ ಮ್ಯಾನೇಜರ್ ಎದ್ದು ಬರುತ್ತಾರೆ. ಈ ನಿಯಮ ಬ್ಯಾಂಕುಗಳದ್ದು. ಕ್ರೆಡಿಟ್ ಯೂನಿಯನ್‌ಗಳು (ಸದಸ್ಯರದೇ ಸಹಕಾರಿ ಬ್ಯಾಂಕ್ ಇದ್ದಂತೆ) ಹೆಚ್ಚಾಗಿ ಆಯಾ ಪ್ರಾಂತ್ಯದ ಕಾನೂನಿಗೆ ಸೇರುತ್ತವೆ.

ಪಾಸ್‌ಪೋರ್ಟ್, ವರ್ಕ್ ಪರ್ಮಿಟ್ (ಐಎಂಎಂ 1442 ಅಂತ ಇರುವ ಕಾಗದ), ವಿಳಾಸ ತೋರಿಸುವ ಏನಾದರೊಂದು, ಇಷ್ಟನ್ನು ಒಟ್ಟಿಗೆ ಒಯ್ಯಿರಿ. ಹೊಸದಾಗಿ ಬಂದವರಿಗೆ ತೊಡಕಾಗುವುದು ವಿಳಾಸವೇ. ರೂಮು ಹಂಚಿಕೊಂಡಿರುತ್ತೀರಿ, ಕರೆಂಟ್ ಬಿಲ್ ಇನ್ಯಾರದೋ ಹೆಸರಲ್ಲಿರುತ್ತದೆ. ಇದಕ್ಕೂ ಒಂದು ದಾರಿ ಇದೆ. ನಿಮ್ಮ ಹೆಸರು, ಹುಟ್ಟಿದ ದಿನಾಂಕ ಇರುವ ಒಂದು ದಾಖಲೆ ತೋರಿಸಿ. ಅದೇ ಬ್ಯಾಂಕಿನಲ್ಲಿ ಒಳ್ಳೆಯ ವ್ಯವಹಾರ ಇಟ್ಟುಕೊಂಡವರೊಬ್ಬರು ಜೊತೆಗೆ ಬಂದು 'ಇವರನ್ನು ನಾನು ಬಲ್ಲೆ' ಅಂದರೆ, ನಿಯಮ ಅದನ್ನೂ ಒಪ್ಪುತ್ತದೆ. ಜೊತೆ ಕೆಲಸ ಮಾಡುವವರಲ್ಲಿ ಯಾರದಾದರೂ ಖಾತೆ ಆ ಬ್ಯಾಂಕಿನಲ್ಲಿದೆಯಾ ಅಂತ ವಿಚಾರಿಸಿ.

ಖಾತೆ ತೆರೆಯುವಾಗ ದಿನದ ವ್ಯವಹಾರಕ್ಕೆ ಇರುವ 'ಚೆಕಿಂಗ್' ಖಾತೆ ಕೇಳಿ. ನಮ್ಮೂರಿನ ಅಭ್ಯಾಸಕ್ಕೆ ಸೇವಿಂಗ್ಸ್ ಅಂದುಬಿಟ್ಟರೆ ದಿನದ ವ್ಯವಹಾರಕ್ಕೆ ಸುಮ್ನೆ ಶುಲ್ಕ ಬೀಳಬಹುದು. ಆಮೇಲೆ ಡೈರೆಕ್ಟ್ ಡೆಪಾಸಿಟ್ ಫಾರ್ಮ್ ತೆಗೆದುಕೊಳ್ಳಿ. ಅದರಲ್ಲಿ ಮೂರು ನಂಬರ್ ಇರುತ್ತವೆ: ಶಾಖೆಯ ಐದು ಅಂಕಿಯ ಟ್ರಾನ್ಸಿಟ್ ನಂಬರ್, ಬ್ಯಾಂಕಿನ ಮೂರು ಅಂಕಿಯ ನಂಬರ್, ನಿಮ್ಮ ಖಾತೆ ನಂಬರ್. ಮಾಲೀಕರಿಗೆ ಬೇಕಾಗಿದ್ದು ಇಷ್ಟೇ. ಅವರ ಪರಿಚಯದವರ ಖಾತೆಗೆ ಸಂಬಳ ಹಾಕಿಸುವ ಮಾತನ್ನು ಇವತ್ತೇ ಬೇಡ ಅನ್ನಿ. ನಾಳೆ ದುಡ್ಡು ಬರಲಿಲ್ಲ ಅಂದರೆ ನಿಮ್ಮ ಕೈಯಲ್ಲಿ ಒಂದು ಚೂರು ಪುರಾವೆ ಇರಲ್ಲ. ಪಾಸ್‌ಪೋರ್ಟ್ ನಮ್ಮ ಹತ್ತಿರ ಇರಲಿ ಅಂದರೆ ಅದನ್ನಂತೂ ಕೊಡಲೇಬೇಡಿ, ಅದನ್ನು ಕಿತ್ತಿಟ್ಟುಕೊಳ್ಳುವ ಹಕ್ಕು ಮಾಲೀಕರಿಗಿಲ್ಲ.

ಇನ್ನು ಸಿನ್ ನಂಬರ್, ಅಂದರೆ ಕೆಲಸಕ್ಕೂ ತೆರಿಗೆಗೂ ಸರ್ಕಾರ ಕೊಡುವ ಸೋಶಿಯಲ್ ಇನ್ಶೂರೆನ್ಸ್ ನಂಬರ್. ನಿಮ್ಮದು 9ರಿಂದ ಶುರುವಾಗುತ್ತದೆ, ಅಂದರೆ ತಾತ್ಕಾಲಿಕ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಬಡ್ಡಿ ಬರುವ ಖಾತೆಗೆ ತೆರಿಗೆ ಲೆಕ್ಕಕ್ಕಾಗಿ ಅದನ್ನು ಕೊಡಲೇಬೇಕು. ಕ್ರೆಡಿಟ್ ಕಾರ್ಡ್ ಅರ್ಜಿಗೆ ಕೊಡಲೇಬೇಕೆಂಬ ಕಾನೂನಿಲ್ಲ. ಫಾರ್ಮಿನಲ್ಲಿ ಜಾಗ ಬಿಟ್ಟಿರುತ್ತಾರೆ ಅಷ್ಟೇ.

ಈಗ ಕಾರ್ಡಿನ ವಿಷಯ. ನಿಮ್ಮ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿನ ಹೆಚ್ಚಿನ ಬ್ಯಾಂಕುಗಳ ಲೆಕ್ಕಕ್ಕೆ ಬರಲ್ಲ. ಅವು ನೋಡುವುದು ಇಲ್ಲಿನ ಸಾಲದ ಇತಿಹಾಸ ಇಡುವ ಎರಡು ಸಂಸ್ಥೆಗಳಾದ ಇಕ್ವಿಫ್ಯಾಕ್ಸ್ ಕೆನಡಾ ಮತ್ತು ಟ್ರಾನ್ಸ್‌ಯೂನಿಯನ್ ಕೆನಡಾದ ದಾಖಲೆ. ಅಲ್ಲಿ ನೀವು ಕೆಟ್ಟವರಲ್ಲ, ಅಲ್ಲಿ ನೀವು ಇಲ್ಲವೇ ಇಲ್ಲ. ಅದರ ಮೇಲೆ ಎರಡು ವರ್ಷಕ್ಕೆ ಮುಗಿಯುವ ಪರ್ಮಿಟ್. ನೀವು ವಿಮಾನ ಹತ್ತಿ ಹೋದರೆ ಸಾಲ ವಸೂಲಿ ಹೇಗೆ ಅಂತ ಬ್ಯಾಂಕಿಗೆ ಯೋಚನೆ ಬರುವುದು ಸಹಜ ಅಲ್ವಾ?

ಒಂದು ಕಡೆ ತಿರಸ್ಕಾರ ಆಯಿತು ಅಂತ ಅದೇ ವಾರ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ದಾಖಲೆಯಲ್ಲಿ ಉಳಿಯುತ್ತದೆ, ನೋಡಿದವರಿಗೆ ಇವರಿಗೆ ದುಡ್ಡಿನ ಅವಸರ ಇದೆ ಅನ್ನಿಸುತ್ತದೆ. ದೊಡ್ಡ ಬ್ಯಾಂಕುಗಳಲ್ಲಿ ಹೊಸಬರಿಗಾಗಿಯೇ 'ನ್ಯೂಕಮರ್' ಪ್ಯಾಕೇಜ್ ಇರುತ್ತದೆ. ವರ್ಕ್ ಪರ್ಮಿಟ್‌ನವರೂ ಸೇರುತ್ತಾರಾ, ಇಲ್ಲಿನ ಕ್ರೆಡಿಟ್ ಇತಿಹಾಸ ಇಲ್ಲದೆ ಕಾರ್ಡ್ ಕೊಡುತ್ತೀರಾ, ಈ ಎರಡು ಪ್ರಶ್ನೆ ಮೊದಲೇ ಕೇಳಿ. ಪ್ಯಾಕೇಜಿನಲ್ಲಿ ತಿಂಗಳ ಶುಲ್ಕ ಮನ್ನಾ ಇದ್ದರೆ ಅದು ಯಾವಾಗ ಮುಗಿಯುತ್ತೆ ಅಂತಲೂ ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಅದೂ ಆಗದಿದ್ದರೆ ಸೆಕ್ಯೂರ್ಡ್ ಕಾರ್ಡ್. 500 ಡಾಲರ್ ಠೇವಣಿ ಇಟ್ಟರೆ ಸಾಮಾನ್ಯವಾಗಿ 500 ಡಾಲರ್ ಮಿತಿಯ ಕಾರ್ಡ್ ಸಿಗುತ್ತದೆ. ಬಾಕಿ ತೀರಿಸಿ ಕಾರ್ಡ್ ಮುಚ್ಚಿದಾಗ ಠೇವಣಿ ವಾಪಸ್. ನಿಮ್ಮ ಸ್ಥಿತಿಯಲ್ಲಿ ನಾನಾದರೆ ನೇರ ಇದಕ್ಕೇ ಹೋಗುತ್ತಿದ್ದೆ. ಆದರೆ ಅಂಗಡಿಯಲ್ಲಿ ಸಿಗುವ ಪ್ರೀಪೇಯ್ಡ್ ಕಾರ್ಡ್ ಬೇರೆ. ಅದರಲ್ಲಿ ಎಷ್ಟು ಉಜ್ಜಿದರೂ ಸ್ಕೋರ್ ಹುಟ್ಟಲ್ಲ.

ಪ್ರಶ್ನೆ: 500 ಡಾಲರ್ ಮಿತಿಯ ಸೆಕ್ಯೂರ್ಡ್ ಕಾರ್ಡ್ ಇದೆ. ಪ್ರತಿ ತಿಂಗಳು ಮಿನಿಮಮ್ ಮೊತ್ತ ತಪ್ಪದೆ ಕಟ್ಟುತ್ತೇನೆ. ಆದರೂ ಸ್ಕೋರ್ ಏರುತ್ತಿಲ್ಲ, ಯಾಕೆ?

ಉತ್ತರ: ನಿಮ್ಮ ಸ್ಟೇಟ್‌ಮೆಂಟ್ 5ನೇ ತಾರೀಕು ಬರುತ್ತದೆ, ಆ ದಿನ ಬಾಕಿ 460 ಡಾಲರ್ ಅಂದುಕೊಳ್ಳೋಣ. ನೀವು ಮಿನಿಮಮ್ ಕಟ್ಟಿದ್ದೀರೋ ಇಲ್ಲವೋ ಎಂಬುದರ ಜೊತೆಗೆ, ಮಿತಿಯ 92 ಶೇಕಡಾ ಬಳಸಿದ್ದೀರಿ ಅಂತಲೂ ದಾಖಲಾಗುತ್ತದೆ. ಸ್ಕೋರ್ ಏಳದಿರುವುದು ಅದಕ್ಕೇ. 30 ಶೇಕಡಾ ಒಳಗೆ ಇಟ್ಟುಕೊಳ್ಳಿ, ಅಂದರೆ ನಿಮಗೆ 150 ಡಾಲರ್. ಖರ್ಚು ಜಾಸ್ತಿ ಆದ ತಿಂಗಳು ಸ್ಟೇಟ್‌ಮೆಂಟ್ ಬರುವ ಮೊದಲೇ ಒಂದಿಷ್ಟು ಕಟ್ಟಿಬಿಡಿ.

ಇನ್ನೊಂದು, ಬಾಕಿ ಪೂರ್ತಿ ಕಟ್ಟಿ. ಸ್ಟೇಟ್‌ಮೆಂಟ್ ಬಂದ ಮೇಲೆ ಕನಿಷ್ಠ 21 ದಿನ ಸಮಯ ಇರುತ್ತದೆ. ಅಷ್ಟರೊಳಗೆ ಪೂರ್ತಿ ತೀರಿಸಿದರೆ ಹೊಸ ಖರೀದಿಗೆ ಬಡ್ಡಿ ಇಲ್ಲ. ಮಿನಿಮಮ್ ಮಾತ್ರ ಕಟ್ಟಿದರೆ ಉಳಿದದ್ದಕ್ಕೆ ವರ್ಷಕ್ಕೆ ಸುಮಾರು 20 ಶೇಕಡಾ ಬಡ್ಡಿ ಓಡುತ್ತದೆ. ಕಾರ್ಡ್ ಹಾಕಿ ಎಟಿಎಮ್‌ನಿಂದ ನಗದು ತೆಗೆದರೆ ಆ 21 ದಿನವೂ ಸಿಗಲ್ಲ, ಬಡ್ಡಿ ಅವತ್ತಿಂದಲೇ ಶುರು. ನಿಮ್ಮ ಕ್ರೆಡಿಟ್ ವರದಿಯನ್ನು ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎರಡೂ ಸಂಸ್ಥೆಗಳಿಂದ ಉಚಿತವಾಗಿ ತರಿಸಿ ನೋಡಬಹುದು. ನೀವೇ ನೋಡಿಕೊಂಡರೆ ಸ್ಕೋರ್ ಇಳಿಯಲ್ಲ, ಆ ಭಯ ಬೇಡ.

ಪ್ರಶ್ನೆ: ನನ್ನ ಪರ್ಮಿಟ್ ಮುಗಿಯುತ್ತಾ ಬಂತು. ನವೀಕರಣಕ್ಕೆ ಹಾಕಿದ್ದೇನೆ. ಸಿಗದಿದ್ದರೆ ಊರಿಗೆ ವಾಪಸ್. ಖಾತೆ ಈಗಲೇ ಮುಚ್ಚಲಾ?

ಉತ್ತರ: ಬೇಡ. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ ಅದೇ ಷರತ್ತಿನ ಮೇಲೆ ಕೆಲಸ ಮುಂದುವರಿಸಬಹುದು. ಅರ್ಜಿ ಹಾಕಿದ್ದಕ್ಕೆ ಬಂದ ಪತ್ರದ ಪ್ರತಿ ಇಟ್ಟುಕೊಂಡಿರಿ, ಬ್ಯಾಂಕಿನವರು ಕೇಳಿದರೆ ತೋರಿಸಿ. ಹೊಸ ಪರ್ಮಿಟ್ ಬಂದರೆ ಸರ್ವಿಸ್ ಕೆನಡಾದಲ್ಲಿ ಸಿನ್‌ನ ಅವಧಿಯನ್ನೂ ವಿಸ್ತರಿಸಿಕೊಳ್ಳಿ. ಮುಂದೆ ಪಿಆರ್ (ಕಾಯಂ ನಿವಾಸದ ಅನುಮತಿ) ಸಿಕ್ಕರೆ ಸಿನ್ ನಂಬರೇ ಬದಲಾಗುತ್ತದೆ. ಆಗ ಬ್ಯಾಂಕಿಗೆ ತಿಳಿಸಿ, ಕಷ್ಟಪಟ್ಟು ಕಟ್ಟಿದ ಇತಿಹಾಸ ನಿಮ್ಮ ಹೆಸರಿನ ಕೆಳಗೇ ಇದೆಯಾ ಅಂತ ವರದಿ ತರಿಸಿ ನೋಡಿ.

ವಾಪಸ್ ಹೊರಡುವುದೇ ಆದರೆ ಮೊದಲು ಕಾರ್ಡ್ ತೀರಿಸಿ ಮುಚ್ಚಿ, ಠೇವಣಿ ಬಿಡಿಸಿಕೊಳ್ಳಿ. ಚೆಕಿಂಗ್ ಖಾತೆ ಮಾತ್ರ ಇರಲಿ. ಈ ವರ್ಷದ ತೆರಿಗೆ ರಿಟರ್ನ್ ಸಲ್ಲಿಸಲು ಮುಂದಿನ ಏಪ್ರಿಲ್ 30 ಕೊನೆಯ ದಿನ, ರಿಫಂಡ್ ಇದ್ದರೆ ಬರುವುದು ರಿಟರ್ನ್ ಸಲ್ಲಿಸಿದ ನಂತರ. ಅದು ಬಂದು ಬೀಳೋಕೆ ಒಂದು ಖಾತೆ ಬೇಕಲ್ಲ. ಹೊರಡುವ ಮೊದಲು ಶಾಖೆಗೆ ಹೋಗಿ ಭಾರತದ ವಿಳಾಸ, ಇಮೇಲ್ ಕೊಡಿ. ಲಾಗಿನ್ ಕೋಡ್ ಕೆನಡಾದ ಫೋನ್ ನಂಬರಿಗೆ ಬರುತ್ತಿದ್ದರೆ, ಆ ಸಿಮ್ ನಿಲ್ಲಿಸುವ ಮೊದಲೇ ಅದನ್ನೂ ಬದಲಾಯಿಸಿಕೊಳ್ಳಿ.