ಹಾಸ್ಟೆಲ್ ವಿಳಾಸದ ನಮೂನೆ 6 ತಿರಸ್ಕೃತವಾಗಿದ್ದರೆ

ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ಧಾರವಾಡದ ಹಾಸ್ಟೆಲ್ ವಿಳಾಸ ಕೊಟ್ಟು ನೀವು ಸಲ್ಲಿಸಿದ ಅರ್ಜಿ (ನಮೂನೆ 6) ‘ವಾಸವಿಲ್ಲ’ ಎಂದು ತಿರಸ್ಕೃತವಾಗಲು ಕಾರಣ ಬಹುಶಃ ಇಷ್ಟೇ: ಮತಗಟ್ಟೆ ಮಟ್ಟದ ಅಧಿಕಾರಿ ಪರಿಶೀಲನೆಗೆ ಬಂದಾಗ ನೀವು ತರಗತಿಯಲ್ಲಿದ್ದಿರಿ, ಗೇಟಿನ ಕಾವಲುಗಾರರಿಗೆ ನಿಮ್ಮ ಹೆಸರು ಗೊತ್ತಿರಲಿಲ್ಲ. ನಾನು ನೋಡಿಕೊಳ್ಳುವ ಹಾಸ್ಟೆಲಿನಲ್ಲಿ ಬಹುಪಾಲು ಹೀಗೇ ಆಗುತ್ತದೆ. ಆಧಾರ್‌ನಲ್ಲಿ ಊರಿನ ವಿಳಾಸವಿರುವುದೂ ತೊಡಕಾಗಿರಬಹುದು.

ಮೊದಲು ಊರಿನ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಇದ್ದರೆ ನಿಮಗೆ ಬೇಕಿರುವುದು ನಮೂನೆ 6 ಅಲ್ಲ, ವಿಳಾಸ ಬದಲಾವಣೆಯ ನಮೂನೆ 8. ಎರಡು ಕಡೆ ಹೆಸರಿರುವಂತಿಲ್ಲ. ಇಲ್ಲದಿದ್ದರೆ ಪ್ರಾಂಶುಪಾಲರಿಂದ ವ್ಯಾಸಂಗ ಪ್ರಮಾಣಪತ್ರ ಪಡೆಯಿರಿ. ಹಾಸ್ಟೆಲ್ ಹೆಸರು, ಕೊಠಡಿ ಸಂಖ್ಯೆ, ಕೋರ್ಸಿನ ಅವಧಿ ಎಲ್ಲವನ್ನೂ ಬರೆಸಿಕೊಳ್ಳಿ. ‘ಇವರು ನಮ್ಮ ವಿದ್ಯಾರ್ಥಿ’ ಎಂಬ ಒಂದು ಸಾಲಿನ ಪತ್ರ ವಿಳಾಸಕ್ಕೆ ಸಾಕ್ಷಿಯಾಗದು. ಗುಮಾಸ್ತರು ಸಾಮಾನ್ಯವಾಗಿ ಅದನ್ನೇ ಕೊಟ್ಟು ಕಳಿಸುತ್ತಾರೆ, ಒಪ್ಪಬೇಡಿ. ಪೂರ್ಣ ವಿವರವಿರುವ ಪ್ರಮಾಣಪತ್ರವನ್ನು ಲಗತ್ತಿಸಿ ನಮೂನೆ 6ನ್ನು ಮತ್ತೆ ಸಲ್ಲಿಸಿ.

ಬಳಿಕ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿ ಯಾರೆಂದು ವಿಚಾರಿಸಿ, ಬರುವ ದಿನ ತಿಳಿದುಕೊಂಡು ವಾರ್ಡನ್‌ಗೂ ಹೇಳಿಡಿ. ತಿರಸ್ಕಾರದ ವಿರುದ್ಧ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆದರೆ ದಾಖಲೆಯ ಕೊರತೆಯಷ್ಟೇ ಆಗಿದ್ದರೆ ಹೊಸ ಅರ್ಜಿಯೇ ಸಲೀಸು.