ಎಂಟು ವರ್ಷದ ಜೋಡಿ, ಎಂಟು ತಿಂಗಳ ಗುಟ್ಟು

ಪ್ರಶ್ನೆ: ನನಗೆ 37 ವರ್ಷ. ಹಾಸನದವನು. ಸಿನಿಮಾ ಬರವಣಿಗೆ ಕಲಿಯಲು ಲಾಸ್ ಏಂಜಲೀಸ್‌ಗೆ ಬಂದವನು ಇಲ್ಲೇ ಉಳಿದೆ. ತರಗತಿಯಲ್ಲಿ ಸಿಕ್ಕ ಅಮೆರಿಕನ್ ಗೆಳೆಯನ ಜತೆ ಎಂಟು ವರ್ಷದಿಂದ ಕಾಮಿಡಿ ಬರೆಯುತ್ತಿದ್ದೇನೆ. ನಮ್ಮ ಒಂದು ಸಿನಿಮಾ ಸ್ಕ್ರಿಪ್ಟ್ ಮಾರಾಟವಾಗಿದೆ, ಸಿನಿಮಾ ಆಗಲಿಲ್ಲ. ಒಂದು ಟಿವಿ ಕಾಮಿಡಿಯಲ್ಲಿ ಎರಡು ಸೀಸನ್ ಕೆಲಸ ಮಾಡಿದ್ದೇವೆ. ಸಂಬಳ ಒಂದೇ, ಇಬ್ಬರಿಗೆ ಅರ್ಧರ್ಧ. ಒಂಬತ್ತು ತಿಂಗಳ ಹಿಂದೆ ಅವನಿಗೆ ಮಗು ಹುಟ್ಟಿತು. ಅವತ್ತಿನಿಂದ ಮುಕ್ಕಾಲು ಕೆಲಸ ನನ್ನದೇ. ಅದಾಗಿ ಒಂದು ತಿಂಗಳಿಗೆ ನಾನು ಅವನಿಗೆ ಹೇಳದೆ ಒಂದು ಸ್ಕ್ರಿಪ್ಟ್ ಶುರು ಮಾಡಿದೆ. ಹಾಸನದಲ್ಲಿ ಅಪ್ಪ ನಡೆಸುತ್ತಿದ್ದ ಹೋಟೆಲ್ಲಿನ ಕಥೆ. ನಮ್ಮಿಬ್ಬರಿಗೂ ಮ್ಯಾನೇಜರ್ ಒಬ್ಬರೇ. ಅವರು ಅದನ್ನು ಓದಿ ನಾಲ್ಕು ಕಡೆ ಕಳಿಸಿದರು. ಈಗ ಒಂದು ಹೊಸ ಶೋಗೆ ನನ್ನೊಬ್ಬನನ್ನೇ ಕರೆದಿದ್ದಾರೆ. ಎರಡು ವಾರದಲ್ಲಿ ಉತ್ತರ ಕೊಡಬೇಕು. ಅತ್ತ ಒಂದು ಸ್ಟುಡಿಯೋಗೆ ನಾವಿಬ್ಬರೂ ಸೇರಿ ಒಂದು ಸ್ಕ್ರಿಪ್ಟಿನ ರೀರೈಟ್ (ತಿದ್ದಿ ಬರೆದದ್ದು) ಒಪ್ಪಿಸುವುದಿದೆ, ಆರು ವಾರ ಟೈಮ್ ಇದೆ. ‘ನಿನ್ನ ದುಡಿಮೆಯಲ್ಲಿ ಅವನಿಗ್ಯಾಕೆ ಅರ್ಧ’ ಅಂತ ಅಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ. ಜೋಡಿ ಬಿಡಲೇ?
– ಹೆಸರು ಬೇಡ, ಬರ್‌ಬ್ಯಾಂಕ್

ಉತ್ತರ:

ನಿಮ್ಮ ಪತ್ರದಲ್ಲಿ ‘ಅವನಿಗೆ ಹೇಳದೆ’ ಅನ್ನುವ ಎರಡು ಪದ ನನ್ನನ್ನು ಹಿಡಿದು ನಿಲ್ಲಿಸಿದವು. ಅಲ್ಲಿಗೆ ಬರುತ್ತೇನೆ. ಮೊದಲು ನಿಮಗೆ ಬೇಕಾದ ಉತ್ತರ ಹೇಳಿಬಿಡುತ್ತೇನೆ. ಆ ಕೆಲಸ ಒಪ್ಪಿಕೊಳ್ಳಿ. ಆದರೆ ಅದಕ್ಕೆ ಮುಂಚೆ, ಈ ಭಾನುವಾರದೊಳಗೆ, ನಿಮ್ಮ ಗೆಳೆಯನಿಗೆ ನೀವೇ ಹೇಳಿ.

ಅಮ್ಮನ ಮಾತಿನಿಂದ ಶುರು ಮಾಡೋಣ. ಅವರು ಕೇಳುವುದು ಸಹಜ. ಹಾಸನದಲ್ಲಿ ಕೂತವರಿಗೆ ಇಬ್ಬರು ದುಡಿದು ಒಂದು ಸಂಬಳ ತರುವುದು ಹೇಗೆ ಅರ್ಥವಾಗಬೇಕು? ಅಮೆರಿಕದ ಬರಹಗಾರರ ಗಿಲ್ಡ್, ಅಂದರೆ ಸಂಘದ ನಿಯಮದಲ್ಲಿ ಜೋಡಿ ಅಂದರೆ ಲೆಕ್ಕಕ್ಕೆ ಒಬ್ಬನೇ ಬರಹಗಾರ. ಆ ಒಂದು ಸಂಬಳದಲ್ಲಿ ನೂರು ಡಾಲರ್ ಬಂದರೆ ರೂಢಿಯ ಪ್ರಕಾರ ಏಜೆಂಟ್‌ಗೆ ಹತ್ತು, ಮ್ಯಾನೇಜರ್‌ಗೆ ಹತ್ತು, ವಕೀಲರಿಗೆ ಐದು. ಉಳಿದ 75ರಲ್ಲಿ ಒಬ್ಬೊಬ್ಬರ ಕೈಗೆ ಮೂವತ್ತೇಳೂವರೆ. ಗಿಲ್ಡ್ ಚಂದಾ, ತೆರಿಗೆ ಆಮೇಲೆ. ಲಾಸ್ ಏಂಜಲೀಸ್‌ನಲ್ಲಿ ಬಾಡಿಗೆ ಕಟ್ಟಿ ಬದುಕುವವರಿಗೆ ಇದು ಸಣ್ಣ ವಿಷಯವಲ್ಲ. ನಿಮ್ಮ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ.

ಆದರೆ ಒಂದು ವಿಷಯ ಈಚೆಗೆ ಸರಿಹೋಗಿದೆ. ಮೊದಲು ಪಿಂಚಣಿಗೆ, ಆರೋಗ್ಯ ವಿಮೆಗೆ ಸ್ಟುಡಿಯೋ ಕಟ್ಟುವ ಹಣಕ್ಕಿದ್ದ ಮಿತಿಯನ್ನೂ ಜೋಡಿಯ ನಡುವೆ ಹಂಚುತ್ತಿದ್ದರು. 2023ರಲ್ಲಿ ಬರಹಗಾರರು 148 ದಿನ ಮುಷ್ಕರ ಮಾಡಿದರಲ್ಲ, ಅದರ ನಂತರದ ಒಪ್ಪಂದದಲ್ಲಿ ಇದು ಬದಲಾಯಿತು. ಈಗ ಜೋಡಿಯ ಒಬ್ಬೊಬ್ಬರಿಗೂ ಒಂಟಿ ಬರಹಗಾರನಿಗೆ ಕಟ್ಟುವ ಹಾಗೆಯೇ ಕಟ್ಟಬೇಕು. ಬಹುಶಃ ನೀವೂ ಬೋರ್ಡ್ ಹಿಡಿದು ಸ್ಟುಡಿಯೋ ಗೇಟಿನ ಮುಂದೆ ಬಿಸಿಲಲ್ಲಿ ನಡೆದಿರಬೇಕು. ಅವನೂ ಪಕ್ಕದಲ್ಲೇ ಇದ್ದನಾ?

ಇನ್ನೊಂದು ಮಾತು. ಟಿವಿ ಬರಹಗಾರರ ಕೋಣೆಗೆ ಜೋಡಿಯನ್ನು ಖುಷಿಯಿಂದ ಕರೆಯುತ್ತಾರೆ. ಒಂದು ಸಂಬಳಕ್ಕೆ ಎರಡು ತಲೆ ಸಿಗುತ್ತವೆ. ಒಬ್ಬರೇ ಆದಮೇಲೆ ಆ ಅನುಕೂಲ ಹೋಗುತ್ತದೆ. ಜೋಡಿಯಾಗಿ ಬರೆದ ಸ್ಕ್ರಿಪ್ಟ್‌ಗಳನ್ನು ನಿಮ್ಮದೇ ಅಂತ ತೋರಿಸುವ ಹಾಗೂ ಇಲ್ಲ. ಯಾರು ಏನು ಬರೆದರು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಜೋಡಿ ಒಡೆದವರೆಲ್ಲ ಕೆಲಸ ಕೇಳುವಾಗ ತೋರಿಸಲು ಸೊನ್ನೆಯಿಂದ ಹೊಸ ಸ್ಯಾಂಪಲ್ ಸ್ಕ್ರಿಪ್ಟ್ ಬರೆಯಬೇಕಾಗುತ್ತದೆ. ನಿಮ್ಮ ಹತ್ತಿರ ಅದು ಈಗಾಗಲೇ ಇದೆ. ನಿಮ್ಮ ಗೆಳೆಯನ ಹತ್ತಿರ ಇಲ್ಲ. ಒಂಬತ್ತು ತಿಂಗಳ ಮಗುವನ್ನು ಎತ್ತಿಕೊಂಡು ಅವನು ಸೊನ್ನೆಯಿಂದ ಶುರು ಮಾಡಬೇಕು, ಅದೂ ಬೇರೆ ಯಾರದೋ ಬಾಯಿಂದ ಸುದ್ದಿ ತಿಳಿದು. ನನಗೆ ಬೇಜಾರಾಗುವುದು ಇದಕ್ಕೆ.

ಈಗ ‘ಮುಕ್ಕಾಲು ಕೆಲಸ ನನ್ನದೇ’ ಅನ್ನುವ ಮಾತು. ಕೀಬೋರ್ಡ್ ಮುಂದೆ ಕೂರುವವರು ನೀವೇ ಅಂತ ಕಾಣುತ್ತದೆ. ಕೀಬೋರ್ಡ್ ಹಿಡಿದವನಿಗೆ ಎಲ್ಲ ತನ್ನ ಬೆರಳಿನಿಂದಲೇ ಬಂದ ಹಾಗೆ ಅನಿಸುತ್ತದೆ. ಓಡಾಡುತ್ತಾ ಮಾತಾಡಿದವನಿಗೆ ಎಲ್ಲ ತನ್ನ ಬಾಯಿಂದಲೇ ಬಂತು ಅನಿಸುತ್ತದೆ. ಹಾಲಿವುಡ್‌ನ ಹಳೆಯ ಜೋಡಿಗಳಲ್ಲಿ ಚಾರ್ಲ್ಸ್ ಬ್ರ್ಯಾಕೆಟ್, ಬಿಲ್ಲಿ ವೈಲ್ಡರ್ ಅವರದ್ದು ದೊಡ್ಡ ಹೆಸರು. 1936ರಲ್ಲಿ ಪ್ಯಾರಾಮೌಂಟ್ ಸ್ಟುಡಿಯೋದವರು ಅವರನ್ನು ಒಟ್ಟಿಗೆ ಕೂರಿಸಿದರು. ಬ್ರ್ಯಾಕೆಟ್ ಸೋಫಾದ ಮೇಲೆ ಒರಗಿ ಹಳದಿ ಕಾಗದದ ಮೇಲೆ ಬರೆಯುತ್ತಿದ್ದರು. ವೈಲ್ಡರ್ ಕೈಯಲ್ಲೊಂದು ಬೆತ್ತ ಹಿಡಿದು ಕೋಣೆ ತುಂಬ ಓಡಾಡುತ್ತಿದ್ದರು. ವೈಲ್ಡರ್ ಯುರೋಪಿನಿಂದ ಬಂದವರು. ಬಂದಾಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಬ್ರ್ಯಾಕೆಟ್ ಅಲ್ಲಿನವರೇ, ಭಾಷೆ ಅವರ ನಾಲಿಗೆಯ ತುದಿಯಲ್ಲಿತ್ತು. ಒಂದು ಪ್ರಶ್ನೆ ಕೇಳುತ್ತೇನೆ, ನಿಮ್ಮ ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಳ್ಳಿ. ಎಂಟು ವರ್ಷದ ಹಿಂದೆ ನಿಮ್ಮ ಜೋಕು ಅಮೆರಿಕದವರ ಕಿವಿಗೆ ಸರಿಯಾಗಿ ಬೀಳುವ ಹಾಗೆ ತಿದ್ದಿಕೊಟ್ಟವರು ಯಾರು?

ಆ ಜೋಡಿ 1950ರಲ್ಲಿ ಮುರಿಯಿತು, ಅದೂ ಒಳ್ಳೆಯ ಹೆಸರಿದ್ದಾಗಲೇ. ಬಿಟ್ಟವರು ವೈಲ್ಡರ್. ಆ ಪೆಟ್ಟಿನ ಬಗ್ಗೆ ಬ್ರ್ಯಾಕೆಟ್ ವರ್ಷಗಳಾದ ಮೇಲೂ ನೋವಿನಿಂದಲೇ ಹೇಳಿಕೊಂಡಿದ್ದರು. ವೈಲ್ಡರ್‌ಗೆ ಮುಂದೆ ಐ.ಎ.ಎಲ್. ಡೈಮಂಡ್ ಸಿಕ್ಕರು. ಅವರೂ ಚಿಕ್ಕಂದಿನಲ್ಲಿ ರೊಮೇನಿಯಾದಿಂದ ಬಂದವರು. 1957ರಿಂದ 1981ರವರೆಗೆ ಇಬ್ಬರೂ ಸೇರಿ ಬರೆದರು. ಡೈಮಂಡ್ ಮಾತು ಕಡಿಮೆ. ಒಂದು ಸಾಲು ಬಹಳ ಹಿಡಿಸಿದರೂ ಅವರ ಬಾಯಿಂದ ಬರುತ್ತಿದ್ದದ್ದು ‘ಯಾಕಾಗಬಾರದು’ ಅಂತ ಅಷ್ಟೇ. 1959ರ ‘ಸಮ್ ಲೈಕ್ ಇಟ್ ಹಾಟ್’ ಚಿತ್ರದ ಕೊನೆಯ ಮಾತನ್ನು ಜನ ಇವತ್ತಿಗೂ ನೆನೆಯುತ್ತಾರೆ. ಅದು ಡೈಮಂಡ್‌ಗೆ ಹೊಳೆದದ್ದು. ಸದ್ಯಕ್ಕೆ ಇದಿರಲಿ, ಆಮೇಲೆ ಇದಕ್ಕಿಂತ ಒಳ್ಳೆಯದು ಹುಡುಕೋಣ ಅಂತ ಇಬ್ಬರೂ ಇಟ್ಟುಕೊಂಡರು. ಕೊನೆಗೆ ಅದೇ ಉಳಿಯಿತು. ಇದನ್ನು ವೈಲ್ಡರ್ ತಾವೇ ಹೇಳಿಕೊಂಡು ಬಂದರು, ಶ್ರೇಯಸ್ಸನ್ನು ಡೈಮಂಡ್‌ಗೇ ಕೊಟ್ಟರು. ಅದು ಹೊಳೆಯುವವರೆಗೆ ಕೋಣೆಯಲ್ಲಿ ಓಡಾಡುತ್ತಾ ಕೆಟ್ಟ ಸಾಲುಗಳನ್ನು ಒಂದೊಂದಾಗಿ ಹೇಳಿದವರ ಪಾಲು ಎಷ್ಟು? ಅಳೆಯುವುದು ಹೇಗೆ?

ನಾನೂ ಹೀಗೊಂದು ಜೋಡಿಯಲ್ಲಿದ್ದೆ. ಹಾಲಿವುಡ್ ಅಲ್ಲ, ಮೈಸೂರಿನ ಹವ್ಯಾಸಿ ನಾಟಕ ತಂಡಕ್ಕೆ. ಗೆಳತಿಯೊಬ್ಬಳ ಜತೆ ಆರು ವರ್ಷ ನಗೆ ನಾಟಕ ಬರೆದೆ. ಒಂದೇ ನೋಟ್‌ಬುಕ್, ಅವಳದ್ದು ಹಸಿರು ಇಂಕು, ನನ್ನದು ನೀಲಿ. ಆಮೇಲೆ ಬೇರೊಂದು ತಂಡದವರು ನನ್ನೊಬ್ಬಳನ್ನೇ ಕೇಳಿದರು. ಒಪ್ಪಿಕೊಂಡೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಎರಡು ತಿಂಗಳು ತಳ್ಳಿದೆ. ಅವಳಿಗೆ ರಿಹರ್ಸಲ್ ಜಾಗದಲ್ಲಿ ಯಾರೋ ಹೇಳಿದರು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಜಗುಲಿಯ ಮೇಲೆ ನೋಟ್‌ಬುಕ್ ಇತ್ತು. ಮಳೆ ನೀರು ಬೀಳಬಾರದು ಅಂತ ಹಾಲಿನ ಕವರ್‌ನಲ್ಲಿ ಸುತ್ತಿದ್ದಳು. ಬೆಲ್ ಮಾಡಿರಲಿಲ್ಲ. ಈಗಲೂ ಅದು ನನ್ನ ಬೀರುವಿನಲ್ಲಿದೆ. ತೆಗೆದು ನೋಡಿದರೆ ಯಾವ ಸಾಲು ಯಾರ ಕೈಬರಹ ಅಂತ ಗೊತ್ತಾಗುತ್ತದೆ. ಯಾರ ತಲೆಯಿಂದ ಬಂತು ಅಂತ ಒಂದಕ್ಕೂ ಹೇಳಲಾರೆ.

ಅದಕ್ಕೇ ನಾನು ಭಾನುವಾರ, ಭಾನುವಾರ ಅಂತ ಹೇಳುತ್ತಿರುವುದು. ನಿಮ್ಮ ಸ್ಕ್ರಿಪ್ಟ್ ನಾಲ್ಕು ಕಡೆ ಹೋಗಿದೆ. ನಾಲ್ಕು ಕಡೆಯೂ ನಿಮ್ಮಿಬ್ಬರನ್ನು ಜತೆಯಲ್ಲಿ ನೋಡಿದವರು ಇರುತ್ತಾರೆ. ಬರ್‌ಬ್ಯಾಂಕ್‌ನಿಂದ ಕಲ್ವರ್ ಸಿಟಿವರೆಗೆ ಸ್ಟುಡಿಯೋದಿಂದ ಸ್ಟುಡಿಯೋಗೆ ತಿರುಗಿ, ಹೋದಲ್ಲೆಲ್ಲ ಒಂದು ನೀರಿನ ಬಾಟಲಿ ಕೈಗಿಡಿಸಿಕೊಂಡು, ಅದೇ ಹತ್ತು ನಿಮಿಷದ ಪರಿಚಯ ಮಾಡಿಕೊಂಡು ಬಂದಿದ್ದೀರಲ್ವಾ ಇಬ್ಬರೂ? ಆ ಜನರಲ್ಲಿ ಯಾರಾದರೂ ಒಬ್ಬರು ಅವನಿಗೆ ‘ನಿಮ್ಮ ಪಾರ್ಟ್‌ನರ್ ಸ್ಕ್ರಿಪ್ಟ್ ಚೆನ್ನಾಗಿದೆ’ ಅಂದರೆ ಸಾಕು.

ಸ್ಕ್ರಿಪ್ಟ್ ಬರೆದದ್ದಕ್ಕೆ ಮಾತ್ರ ಕ್ಷಮೆ ಕೇಳಬೇಡಿ. ನೀವು ಕಳಿಸಿದ ದೃಶ್ಯ ಓದಿದೆ. ಗಲ್ಲಾದ ಮೇಲೆ ಕೂತ ಅಪ್ಪ, ಸಾಲ ಹೇಳಿ ತಿಂದವರಿಗೆ ಮಾತ್ರ ಚಟ್ನಿ ಜಾಸ್ತಿ ಹಾಕಿಸುತ್ತಾರೆ. ಯಾಕೆ ಅಂತ ಮಾಣಿ ಕೇಳಿದರೆ, ‘ನಾಳೆನೂ ಬರಬೇಕಲ್ಲಪ್ಪಾ, ಕೊಡೋಕೆ’ ಅಂತಾರೆ. ಇದನ್ನು ಎಷ್ಟೇ ಒಳ್ಳೆಯ ಗೆಳೆಯನಾದರೂ ಪಕ್ಕದಲ್ಲಿ ಕೂತು ಬರೆಯಲಾರ. ಇದು ನಿಮ್ಮ ಕಥೆ, ನಿಮ್ಮ ಹೆಸರಿನಲ್ಲೇ ಬರಬೇಕು. ತಪ್ಪಾದದ್ದು ಅದನ್ನು ಎಂಟು ತಿಂಗಳು ಮುಚ್ಚಿಟ್ಟದ್ದು. ಅದಕ್ಕೊಂದಕ್ಕೆ ಕ್ಷಮೆ ಕೇಳಿ, ಸಾಕು.

ಮ್ಯಾನೇಜರ್ ಬಗ್ಗೆಯೂ ಒಂದು ಮಾತು. ಇಬ್ಬರನ್ನೂ ನೋಡಿಕೊಳ್ಳುವವರು ಒಬ್ಬರ ಸ್ಕ್ರಿಪ್ಟನ್ನು ಇನ್ನೊಬ್ಬರಿಗೆ ತಿಳಿಸದೆ ಕಳಿಸಿದ್ದು ನನಗೆ ಸರಿ ಕಾಣಲಿಲ್ಲ. ಅವರಿಗೆ ನಾಳೆಯೇ ಫೋನ್ ಮಾಡಿ, ‘ಭಾನುವಾರ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಇನ್ನೆಲ್ಲೂ ಕಳಿಸಬೇಡಿ’ ಅನ್ನಿ.

ಸ್ಟುಡಿಯೋದ ರೀರೈಟ್ ಜತೆಯಲ್ಲೇ ಮುಗಿಸಿಕೊಡಿ. ಹೊಸ ಶೋ ಮಧ್ಯದಲ್ಲೇ ಶುರುವಾದರೆ ರಾತ್ರಿ ಕೂರಿ. ಆ ಸ್ಕ್ರಿಪ್ಟಿನ ಮೇಲೆ ನಿಮ್ಮಿಬ್ಬರ ಹೆಸರಿನ ನಡುವೆ ‘&’ ಗುರುತು ಇದೆ. ಅಲ್ಲಿನ ರೂಢಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೇರೆ ಬೇರೆಯಾಗಿ ಕೆಲಸ ಮಾಡಿದವರ ನಡುವೆ ‘ಮತ್ತು’ ಅನ್ನುವ ಪದ ಹಾಕುತ್ತಾರೆ. ಈ ಗುರುತು ಒಟ್ಟಿಗೆ ಕೂತು ಬರೆದವರಿಗೆ ಮಾತ್ರ. ಹಳೆಯ ಸ್ಕ್ರಿಪ್ಟ್‌ಗಳ ಬಗ್ಗೆ ಬಾಯಿಮಾತು ಬೇಡ. ಯಾವುದು ಇಬ್ಬರದ್ದು, ಮುಂದೆ ಯಾರಾದರೂ ಕೊಂಡರೆ ತಿದ್ದುವವರು ಯಾರು, ಹಣ ಹೇಗೆ ಹಂಚುವುದು, ಎಲ್ಲ ಕಾಗದದ ಮೇಲೆ ಬರಲಿ. ಗಿಲ್ಡ್‌ನಲ್ಲೇ ಜೋಡಿ ಒಪ್ಪಂದದ ನಮೂನೆ ಸಿಗುತ್ತದೆ. ಎಂಟು ವರ್ಷದ ಹಿಂದೆ ಸಹಿ ಮಾಡಿಲ್ಲದಿದ್ದರೆ ಈಗ ಮಾಡಿ.

ಭಾನುವಾರ ಅವನ ಮನೆಗೇ ಹೋಗಿ. ದಿನಾ ಕೂತು ಬರೆಯುವ ಜಾಗದಲ್ಲಿ ಹೇಳಬೇಡಿ, ಅಲ್ಲಿ ಇನ್ನೂ ಆರು ವಾರ ಕೂರಬೇಕು. ಮಗುವನ್ನು ಗಾಡಿಯಲ್ಲಿ ಹಾಕಿಕೊಂಡು ಇಬ್ಬರೂ ಒಂದು ಸುತ್ತು ನಡೆಯಿರಿ. ಸುಮ್ನೆ ಸುತ್ತಿಬಳಸಬೇಡಿ. ‘ಎಂಟು ತಿಂಗಳಿಂದ ನಿನಗೆ ಹೇಳದೆ ಒಂದು ಸ್ಕ್ರಿಪ್ಟ್ ಬರೆದೆ, ಅದರಿಂದ ನನಗೊಂದು ಕೆಲಸ ಬಂದಿದೆ, ಒಪ್ಪಿಕೊಳ್ಳಬೇಕು ಅಂತಿದ್ದೇನೆ’ ಅಂತ ಒಂದೇ ಉಸಿರಿಗೆ ಹೇಳಿ. ಮಗುವಿನ ಮಾತು, ಮುಕ್ಕಾಲು ಕೆಲಸದ ಮಾತು ಅವತ್ತು ಎತ್ತಲೇಬೇಡಿ. ಅವನು ಬೈದರೆ ಕೇಳಿಸಿಕೊಳ್ಳಿ. ಅಲ್ಲಿಂದಲೇ ಮನೆಗೆ ಹೊರಟರೆ ಹೋಗಲು ಬಿಡಿ. ಮುಂದೆ ಜೋಡಿಯಾಗಿ ಬರೆಯುತ್ತೀರೋ ಇಲ್ಲವೋ ಅನ್ನುವುದು ಅವತ್ತೇ ತೀರ್ಮಾನ ಆಗಬೇಕಿಲ್ಲ. ಅದರಲ್ಲಿ ಅವನಿಗೂ ಒಂದು ಮಾತು ಇದೆ.

ಹೋಟೆಲ್ ಸ್ಕ್ರಿಪ್ಟಿನ ಒಂದು ಪ್ರಿಂಟ್ ಚೀಲದಲ್ಲಿ ಇರಲಿ. ಅವನು ಕೇಳಿದರೆ ಮಾತ್ರ ಕೊಡಿ. ಕೊಟ್ಟ ಮೇಲೆ ಪಕ್ಕದಲ್ಲಿ ಕೂತು ಮುಖ ನೋಡಬೇಡಿ, ಓದಿಕೊಳ್ಳಲಿ.